ಎರಡು ಲೋಟ ಐಪಿಎ: ಮನೆಯಲ್ಲಿ ಹೋಲಿಸಿ ನೋಡಿದರೆ ಗೊತ್ತಾಗುವುದೇನು?

ಎರಡು ಕಂಪನಿಗಳ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಎಂಬ ಬಿಯರ್ ತಂದು, ಎರಡು ಲೋಟಕ್ಕೆ ಬಗ್ಗಿಸಿ, ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಉತ್ತರ ಕೊಡದವರಿಲ್ಲ. ಆದರೆ ಆ ಉತ್ತರ ಯಾವುದರ ಬಗ್ಗೆ? ಬಿಯರ್ ಮಾಡಿದವನ ಕೈಗುಣದ ಬಗ್ಗೆಯೋ, ಆ ಕ್ಯಾನು ಗೋದಾಮಿನಲ್ಲಿ ಕಳೆದ ದಿನಗಳ ಬಗ್ಗೆಯೋ, ಕುಡಿದವನ ನಾಲಿಗೆಯ ಬಗ್ಗೆಯೋ, ಕ್ಯಾನಿನ ಮೇಲಿನ ಚಿತ್ರದ ಬಗ್ಗೆಯೋ? ಈ ತಕರಾರು ಇನ್ನೂ ತೀರಿಲ್ಲ. ಹಾಪ್ಸ್ ಕಡಿಮೆ ಇರುವ ಸಾಧಾರಣ ಲಾಗರ್‌ಗಳಲ್ಲಿ ಅದಕ್ಕೆ ಅಷ್ಟು ಮೊನಚಿಲ್ಲ. ಹಾಪ್ಸ್ ಧಾರಾಳವಾಗಿ ಬಿದ್ದ ಕ್ರಾಫ್ಟ್ ಬಿಯರ್‌ಗಳ ಘಮ ವಾರಗಳಲ್ಲೇ ಬದಲಾಗುತ್ತದೆ, ಕಹಿ ಒಂದು ಗುಟುಕಿನಿಂದ ಮುಂದಿನ ಗುಟುಕಿಗೆ ಅಂಟಿಕೊಂಡು ಬರುತ್ತದೆ. ಬೆಲೆಯೂ ದುಬಾರಿ. ಹಾಗಾಗಿ ಹೋಲಿಕೆ ಎಡವುವುದು ಇಲ್ಲಿಯೇ ಹೆಚ್ಚು.

ಹಾಪ್ಸ್ ಎಂದರೆ ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ ಒಂದು ಬಳ್ಳಿಯ ಹೆಣ್ಣು ಹೂಗೊಂಚಲು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲೂ ಬೆಳೆಯುತ್ತಾರೆ. ಎಸಳು ಬಿಡಿಸಿದರೆ ಬುಡದಲ್ಲಿ ಅರಿಸಿನ ಬಣ್ಣದ ಅಂಟುಪುಡಿ ಕಾಣುತ್ತದೆ, ಅದು ಲುಪುಲಿನ್. ಕಹಿ ಕೊಡುವ ಆಲ್ಫಾ ಆಮ್ಲಗಳು, ಘಮ ಕೊಡುವ ಎಣ್ಣೆಗಳು ಎರಡೂ ಅದರಲ್ಲೇ ಇವೆ. ಮಾಲ್ಟ್ ರಸದ ಜೊತೆ ಒಂದು ಗಂಟೆ ಕುದಿಸಿದರೆ ಆಮ್ಲಗಳು ರೂಪ ಬದಲಿಸಿಕೊಂಡು ರಸದಲ್ಲಿ ಕರಗುತ್ತವೆ, ಕಹಿ ಬರುತ್ತದೆ. ಎಣ್ಣೆಗಳು ಮಾತ್ರ ಹಬೆಯ ಜೊತೆ ಹಾರಿಹೋಗುತ್ತವೆ. ಹುದುಗು ಬಂದು ತಣ್ಣಗಾದ ಬಿಯರ್‌ಗೆ ಹಾಕಿದರೆ ಘಮ ಉಳಿಯುತ್ತದೆ, ಕಹಿ ಅಷ್ಟಾಗಿ ಬರುವುದಿಲ್ಲ. ಇದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ. ಮುಂದೆ ಬರುವ ಜಗಳಗಳಲ್ಲಿ ಬಹುಪಾಲು ಈ ಎರಡು ಕೆಲಸಗಳ ನಡುವಿನ ಅಂತರದಿಂದಲೇ ಹುಟ್ಟಿದವು.

ಹಡಗಿನ ಕಥೆ, ಕ್ಯಾಸ್ಕೇಡ್ ಕಥೆ

ಇಂಡಿಯಾ ಪೇಲ್ ಏಲ್ ಎಂಬ ಹೆಸರಲ್ಲೇ ನಮ್ಮ ದೇಶವಿದೆ. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಬೋ ಎಂಬಲ್ಲಿ ಜಾರ್ಜ್ ಹಾಡ್ಜ್‌ಸನ್ ಎಂಬಾತ ಈ ಬಿಯರ್ ಕಂಡುಹಿಡಿದ, ಇಂಡಿಯಾದವರೆಗಿನ ಸಮುದ್ರಯಾನದಲ್ಲಿ ಕೆಡದಿರಲೆಂದು ಹಾಪ್ಸ್ ಹೆಚ್ಚು ಸುರಿದ ಎಂಬ ಕಥೆ ಕ್ಯಾನುಗಳ ಹಿಂಬದಿಯಲ್ಲಿ ಇವತ್ತಿಗೂ ಅಚ್ಚಾಗುತ್ತಿದೆ. ಮಾರ್ಟಿನ್ ಕಾರ್ನೆಲ್ ಥರದ ಬಿಯರ್ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಬಿಸಿ ಸೀಮೆಗೆ ಕಳಿಸುವ ಬಿಯರ್‌ಗೆ ಹಾಪ್ಸ್ ಜಾಸ್ತಿ ಹಾಕಬೇಕೆಂಬ ಸಲಹೆ 1760ರ ದಶಕದಲ್ಲೇ ಇತ್ತು. ಅದೇ ಹಡಗುಗಳಲ್ಲಿ ಕಪ್ಪನೆಯ ಪೋರ್ಟರ್ ಕೂಡ ಬಂದು ಸುಸೂತ್ರವಾಗಿ ಖರ್ಚಾಗುತ್ತಿತ್ತು, ಸಿಪಾಯಿಗಳು ಕುಡಿಯುತ್ತಿದ್ದುದು ಹೆಚ್ಚಾಗಿ ಅದನ್ನೇ. ಹಾಡ್ಜ್‌ಸನ್‌ನ ಅದೃಷ್ಟವೆಂದರೆ ಅವನ ಬ್ರೂಯರಿ ಈಸ್ಟ್ ಇಂಡಿಯಾ ಹಡಗುಗಳ ಧಕ್ಕೆಗೆ ಹತ್ತಿರವಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್ಸಾಪ್, ಆಮೇಲೆ ಬಾಸ್, ಈ ವ್ಯಾಪಾರಕ್ಕೆ ಕೈಹಾಕಿದರು. ಆಲ್ಸಾಪ್‌ನ ಮೊದಲ ಮಾದರಿಯನ್ನು ಟೀ ಪಾಟ್‌ನಲ್ಲಿ ಮಾಡಿದ್ದರು ಎಂಬ ಕಥೆಯೂ ಇದೆ, ನಂಬುವವರು ನಂಬಬಹುದು. ಬರ್ಟನ್ನಿನ ಬಾವಿ ನೀರಿನಲ್ಲಿ ಜಿಪ್ಸಮ್ ಅಂಶ ಹೆಚ್ಚು. ಆ ಸಲ್ಫೇಟ್ ಹಾಪ್ಸ್ ಕಹಿಯನ್ನು ಚುರುಕಾಗಿ, ಒಣಗಿದಂತೆ ಕಾಣಿಸುತ್ತದೆ. ಇಂದಿಗೂ ಬೇರೆ ಊರಿನ ಬ್ರೂಯರ್‌ಗಳು ನೀರಿಗೆ ಜಿಪ್ಸಮ್ ಬೆರೆಸಿ ಅದನ್ನೇ ಅನುಕರಿಸುತ್ತಾರೆ. 'ಈಸ್ಟ್ ಇಂಡಿಯಾ ಪೇಲ್ ಏಲ್' ಎಂಬ ಹೆಸರು ಅಚ್ಚಿನಲ್ಲಿ ಸಿಕ್ಕಿರುವ ತೀರಾ ಹಳೆಯ ಜಾಗಗಳಲ್ಲೊಂದು 1829ರ ಸಿಡ್ನಿ ಪತ್ರಿಕೆಯ ಜಾಹೀರಾತು.

ಈಗ ನಾವು ಕುಡಿಯುವ ಐಪಿಎಗೂ ಅದಕ್ಕೂ ಸಂಬಂಧ ತೆಳು. ಇದು ಅಮೆರಿಕದ ಕೂಸು. 1972ರಲ್ಲಿ ಒರೆಗಾನ್‌ನಲ್ಲಿ ಸರ್ಕಾರಿ ತಳಿ ಸಂಶೋಧನೆಯಿಂದ ಕ್ಯಾಸ್ಕೇಡ್ ಎಂಬ ಹಾಪ್ಸ್ ಬಿಡುಗಡೆಯಾಯಿತು. ಅದರ ವಾಸನೆ ಯುರೋಪಿನ ಹಳೆಯ ತಳಿಗಳಂತೆ ಸೊಪ್ಪು, ಮಸಾಲೆಯದಲ್ಲ, ಚಕ್ಕೋತ ಸಿಪ್ಪೆಯದು. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂಯರಿ ಇದನ್ನು ಲಿಬರ್ಟಿ ಏಲ್‌ನಲ್ಲಿ ಬಳಸಿತು, 1980ರಲ್ಲಿ ಸಿಯೆರಾ ನೆವಾಡಾ ತನ್ನ ಪೇಲ್ ಏಲ್‌ನಲ್ಲಿ. ಮನೆಯಲ್ಲಿ ಬಿಯರ್ ಮಾಡುವುದನ್ನು ಕಾನೂನುಬದ್ಧಗೊಳಿಸಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಆ ಅಡುಗೆಮನೆಗಳಿಂದಲೇ ಮುಂದಿನ ತಲೆಮಾರಿನ ಬ್ರೂಯರ್‌ಗಳು ಬಂದರು. ಕ್ಯಾಲಿಫೋರ್ನಿಯಾ ಕಡೆ ಕಹಿಯ ಪೈಪೋಟಿ ನಡೆಯಿತು. ಇನ್ನೊಂದು ಕಡೆ, ವರ್ಮಾಂಟ್‌ನ ಆಲ್ಕೆಮಿಸ್ಟ್ ಬ್ರೂಯರಿಯ ಹೆಡಿ ಟಾಪರ್‌ನಂಥ ಬಿಯರ್‌ಗಳು ಮಸುಕಾಗಿ, ಮೃದುವಾಗಿ, ಮಾವು ಪೀಚ್‌ಗಳ ಘಮದೊಂದಿಗೆ ಬಂದವು. ಇವೇ ಹೇಝಿ ಐಪಿಎಗಳು. ಬೆಂಗಳೂರಿಗೆ ಈ ಅಲೆ ಮೈಕ್ರೋಬ್ರೂಯರಿಗಳ ಮೂಲಕ ಬಂತು. ಮಿಶಿಗನ್ ಮೂಲದ ಆರ್ಬರ್ ಬ್ರೂಯಿಂಗ್ ಇಲ್ಲಿ ಬಾಗಿಲು ತೆರೆದದ್ದು 2012ರಲ್ಲಿ.

ಅಂಕಿ ನಂಬುವವರು

ಹೋಲಿಕೆಗೆ ಒಂದು ಅಳತೆಗೋಲು ಬೇಕೆಂದವರಿಗೆ ಮೊದಲು ಸಿಕ್ಕಿದ್ದು ಐಬಿಯು, ಅಂದರೆ ಕಹಿಯ ಅಂತರರಾಷ್ಟ್ರೀಯ ಮಾನ. ಅಳೆಯುವ ಬಗೆ ಸರಳ. ಬಿಯರ್‌ನ ಗ್ಯಾಸ್ ತೆಗೆದು, ಆಮ್ಲ ಬೆರೆಸಿ, ಐಸೋಆಕ್ಟೇನ್ ಎಂಬ ದ್ರಾವಕದ ಜೊತೆ ಚೆನ್ನಾಗಿ ಕುಲುಕುತ್ತಾರೆ. ಕಹಿ ಪದಾರ್ಥ ಆ ದ್ರಾವಕಕ್ಕೆ ಇಳಿಯುತ್ತದೆ. 275 ನ್ಯಾನೋಮೀಟರ್ ತರಂಗದ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ನೋಡಿ, ಬಂದ ಅಂಕಿಯನ್ನು 50ರಿಂದ ಗುಣಿಸಿದರೆ ಐಬಿಯು. ಕುದಿಸಿದ ಹಾಪ್ಸ್‌ನ ಕಹಿಯೊಂದೇ ಮುಖ್ಯವಾಗಿದ್ದ ಕಾಲದ ಲಾಗರ್‌ಗೆ ಇದು ಹೇಳಿ ಮಾಡಿಸಿದ ವಿಧಾನ.

ಅಂಕಿ ನಂಬುವ ಈ ಪಂಥ ವಿವರಿಸುವುದು ಒಂದೇ ಕಾರ್ಖಾನೆಯ ಒಂದೇ ಬಿಯರ್ ಬ್ಯಾಚಿನಿಂದ ಬ್ಯಾಚಿಗೆ ಹೆಚ್ಚುಕಡಿಮೆ ಆಯಿತೇ ಎಂಬುದನ್ನು. ಎರಡು ಬೇರೆ ಬಿಯರ್‌ಗಳ ನಡುವೆ ಇದು ತೊದಲುತ್ತದೆ. 60 ಐಬಿಯು ಇರುವ ಸಿಹಿ ಮಾಲ್ಟಿನ ಡಬಲ್ ಐಪಿಎ, 45 ಇರುವ ಒಣ ಐಪಿಎಗಿಂತ ಕಡಿಮೆ ಕಹಿ ಅನ್ನಿಸಬಹುದು. ಡ್ರೈ ಹಾಪಿಂಗ್ ಬಂದ ಮೇಲೆ ಗೊಂದಲ ಇನ್ನೂ ಹೆಚ್ಚಿತು: ಹಾಪ್ಸ್ ಹಳತಾದಂತೆ ಹುಟ್ಟುವ ಹ್ಯೂಮುಲಿನೋನ್‌ಗಳು ತಣ್ಣನೆಯ ಬಿಯರ್‌ನಲ್ಲೂ ಸಲೀಸಾಗಿ ಕರಗುತ್ತವೆ. ಅವುಗಳ ಕಹಿ ಕುದಿಸಿದ ಆಮ್ಲದ ಕಹಿಯ ಮೂರನೆಯ ಎರಡು ಭಾಗದಷ್ಟು ಮಾತ್ರ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಶೆಲ್‌ಹ್ಯಾಮರ್ ತಂಡ ಇದನ್ನು ಬಿಡಿಸಿ ತೋರಿಸಿತು. ಯಂತ್ರಕ್ಕೆ ಎರಡೂ ಒಂದೇ ಲೆಕ್ಕ. 2010ರಲ್ಲಿ ಡೆನ್ಮಾರ್ಕ್‌ನ ಮಿಕೆಲ್ಲರ್ '1000 ಐಬಿಯು' ಎಂಬ ಹೆಸರಿನ ಬಿಯರ್ ಬಿಟ್ಟಾಗ ಅಂಕಿಯ ಪೈಪೋಟಿ ತನ್ನನ್ನು ತಾನೇ ಗೇಲಿ ಮಾಡಿಕೊಂಡಂತಾಯಿತು. ಅಷ್ಟು ಆಮ್ಲ ಬಿಯರ್‌ನಲ್ಲಿ ಕರಗುವುದೇ ಇಲ್ಲ.

ನನ್ನ ಮಟ್ಟಿಗೆ ಕ್ಯಾನಿನ ಮೇಲಿನ ಐಬಿಯು ಹೋಲಿಕೆಗೆ ಬರುವುದಿಲ್ಲ. ಲೋಟಗಳನ್ನು ಯಾವ ಸಾಲಿನಲ್ಲಿ ಇಡಬೇಕು ಎಂಬುದಕ್ಕೆ ಬೇಕಾದರೆ ನೋಡಿಕೊಳ್ಳಬಹುದು.

ಶೈಲಿ ನೋಡಿ ತೂಗುವವರು

1977ರಲ್ಲಿ ಮೈಕಲ್ ಜಾಕ್ಸನ್ (ಹಾಡುಗಾರನಲ್ಲ, ಇಂಗ್ಲೆಂಡಿನ ಬಿಯರ್ ಲೇಖಕ) ಪ್ರಕಟಿಸಿದ ಜಗತ್ತಿನ ಬಿಯರ್‌ಗಳ ಕೈಪಿಡಿ, ಬಿಯರನ್ನು ಶೈಲಿಗಳಾಗಿ ವಿಂಗಡಿಸಿ ನೋಡುವ ಅಭ್ಯಾಸ ತಂದಿತು. 1985ರಲ್ಲಿ ಶುರುವಾದ ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ ಅದಕ್ಕೆ ಅಂಕಪಟ್ಟಿ ಜೋಡಿಸಿತು. ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಕುವ ಬಗೆಗೆ 5, ಒಟ್ಟಂದಕ್ಕೆ 10. ಮನೆಯಲ್ಲಿ ಹೋಲಿಸುವವರು ಈ ಪಟ್ಟಿಯನ್ನೇ ಎರವಲು ಪಡೆಯುತ್ತಾರೆ. ಅದರಿಂದ ಲಾಭವೂ ಇದೆ. ಬರಿದೇ 'ಸೂಪರ್' ಎನ್ನುವವನ ಬಾಯಿಂದ ವಾಸನೆ ಬೇರೆ, ಕಹಿ ಬೇರೆ, ಕೊನೆಗೆ ನಾಲಿಗೆ ಮೇಲೆ ಉಳಿಯುವ ಒಗರು ಬೇರೆ ಎಂದು ಬಿಡಿಬಿಡಿಯಾಗಿ ಹೇಳಿಸುತ್ತದೆ.

ಈ ಪಂಥದ ತೊಂದರೆ, ಶೈಲಿ ಎಂಬುದು ನಿಂತ ನೀರಲ್ಲ. ಮಸುಕಾದ ಐಪಿಎ ಎಂದರೆ ಸೋಸುವುದನ್ನು ಮರೆತ ಬಿಯರ್ ಎಂದು ತೀರ್ಪುಗಾರರು ಅಂಕ ಕಡಿಯುತ್ತಿದ್ದ ಕಾಲವಿತ್ತು. 2018ರಲ್ಲಿ ಅಮೆರಿಕದ ಬ್ರೂಯರ್ಸ್ ಅಸೋಸಿಯೇಷನ್ 'ಜ್ಯೂಸಿ ಅಥವಾ ಹೇಝಿ' ಎಂಬ ವರ್ಗವನ್ನೇ ತೆರೆಯಿತು. ಬಿಯರ್ ಅದೇ, ನಿನ್ನೆಯ ದೋಷ ಇವತ್ತಿನ ಲಕ್ಷಣ. ಪಟ್ಟಿಯನ್ನು ಕಣ್ಣುಮುಚ್ಚಿ ನಂಬಿದವನು ಹಿಂದಿನ ವರ್ಷ ಆ ಬಿಯರನ್ನು ತಳ್ಳಿಹಾಕಿರುತ್ತಿದ್ದ.

ಶೈಲಿಗೆ ಪದಕೋಶವೂ ಬೇಕು. 1970ರ ದಶಕದಲ್ಲಿ ಮಾರ್ಟನ್ ಮೈಲ್‌ಗಾರ್ಡ್ ಎಂಬ ವಿಜ್ಞಾನಿ ಬಿಯರ್ ರುಚಿಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿದರು. ಅದರಲ್ಲಿನ ವಾಸನೆಗಳು ಆ ಕಡೆಯ ಅಡುಗೆಮನೆಯವು. ಸಿಟ್ರಾ, ಮೊಸಾಯಿಕ್, ಸಿಮ್ಕೋ ಹಾಪ್ಸ್‌ಗಳ ಮುಂದೆ ಕೂತ ಕನ್ನಡಿಗ 'ಬ್ಲೂಬೆರಿ' ಎಂದು ಎರವಲು ಮಾತು ಬರೆದುಕೊಳ್ಳುವ ಬದಲು ದೇವನಹಳ್ಳಿ ಚಕ್ಕೋತ, ಹಣ್ಣಾದ ಸೀಬೆ, ಗಜನಿಂಬೆ ಸಿಪ್ಪೆ, ಹೆಚ್ಚಿಟ್ಟು ಹೊತ್ತಾದ ಈರುಳ್ಳಿ ಎಂದೇ ಬರೆದುಕೊಂಡರೆ ಒಳ್ಳೆಯದು. ಈರುಳ್ಳಿ ತಮಾಷೆಗೆ ಹೇಳಿದ್ದಲ್ಲ. ಕೆಲವು ತಳಿಗಳನ್ನು ತಡವಾಗಿ ಕೊಯ್ದರೆ ಗಂಧಕದ ಅಂಶ ಹೆಚ್ಚಿ ಈರುಳ್ಳಿ, ಬೆಳ್ಳುಳ್ಳಿ ವಾಸನೆ ನಿಜಕ್ಕೂ ಬರುತ್ತದೆ. ಒಂದೇ ತಳಿ, ಬೇರೆ ತೋಟ, ಬೇರೆ ವಾಸನೆ.

ಜನಮತವನ್ನು ನಂಬುವವರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1996ರ ಬಿಯರ್ ಅಡ್ವೊಕೇಟ್, 2000ದ ರೇಟ್‌ಬಿಯರ್, 2010ರ ಅನ್‌ಟ್ಯಾಪ್ಡ್‌ಗಳಲ್ಲಿ ಬಿದ್ದ ನಕ್ಷತ್ರಗಳ ಸರಾಸರಿ ಜನರಿಗೆ ಏನು ಇಷ್ಟ ಎಂಬುದನ್ನು ಹೇಳುತ್ತದೆ. ಆಲ್ಕೋಹಾಲ್ ಹೆಚ್ಚಿರುವ, ಸುಲಭಕ್ಕೆ ಸಿಗದ ಬಿಯರ್‌ಗಳೇ ಅಲ್ಲಿ ಮೇಲೆ ತೇಲುತ್ತವೆ. ಸಿಕ್ಕಿದ ಸಂತೋಷಕ್ಕೂ ಅಂಕ ಬೀಳುತ್ತದೆ.

ಲೇಬಲ್ ಮುಚ್ಚಿ ಕುಡಿಯುವವರು

ಎಲ್ಲಕ್ಕಿಂತ ಖಡಕ್ ಪಂಥ ಇದು. ಹೆಸರು ಕಾಣದಂತೆ ಕೊಟ್ಟಾಗ ವ್ಯತ್ಯಾಸವೇ ಗೊತ್ತಾಗದಿದ್ದರೆ ಯಾವುದು ಮೇಲು ಎಂಬ ಮಾತೇ ಏಳುವುದಿಲ್ಲ ಎನ್ನುತ್ತದೆ. 1964ರಲ್ಲಿ ಆಲಿಸನ್ ಮತ್ತು ಉಲ್ ಅಮೆರಿಕದಲ್ಲಿ ನಡೆಸಿದ ಪ್ರಯೋಗದಲ್ಲಿ, ಲೇಬಲ್ ಇಲ್ಲದ ಬಾಟಲಿ ಕೊಟ್ಟಾಗ ಜನ ತಮ್ಮ ನೆಚ್ಚಿನ ಬ್ರ್ಯಾಂಡನ್ನು ಗುರುತಿಸಲಾಗಲಿಲ್ಲ. ಲೇಬಲ್ ಬಂದೊಡನೆ ಅದಕ್ಕೇ ಹೆಚ್ಚು ಅಂಕ ಕೊಟ್ಟರು. 2006ರಲ್ಲಿ ಲಿಯೊನಾರ್ಡ್ ಲೀ, ಶೇನ್ ಫ್ರೆಡ್ರಿಕ್, ಡಾನ್ ಏರಿಯಲಿ ಪ್ರಕಟಿಸಿದ್ದು ಇನ್ನೂ ಸೂಕ್ಷ್ಮ. ಬಿಯರ್‌ಗೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್ ಹಾಕಿ ಕೊಟ್ಟರು. ಕುಡಿಯುವ ಮೊದಲೇ ಗುಟ್ಟು ತಿಳಿದವರು ಅದನ್ನು ದೂರವಿಟ್ಟರು. ಗುಟ್ಟು ತಿಳಿಯದವರಿಗೆ ಇಷ್ಟವಾಯಿತು. ಕುಡಿದ ಮೇಲೆ ತಿಳಿದವರಿಗೂ ಅಷ್ಟೇ ಇಷ್ಟವಾಗಿತ್ತು. ಅಂದರೆ ಹೆಸರು ಕೆಲಸ ಮಾಡುವುದು ಆಮೇಲೆ ಅಭಿಪ್ರಾಯ ತಿದ್ದಿಕೊಳ್ಳುವಾಗಲ್ಲ, ಗುಟುಕು ಬಾಯಲ್ಲಿರುವಾಗಲೇ.

ಇವರ ಮುಖ್ಯ ಸಾಧನ ತ್ರಿಕೋನ ಪರೀಕ್ಷೆ. 1940ರ ದಶಕದಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನಲ್ಲಿ ರೂಪಗೊಂಡ ಈ ವಿಧಾನ ಮನೆಗೂ ಹೊಂದುತ್ತದೆ. ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆಯದು. ಬೇರೆಯದನ್ನು ಆರಿಸಬೇಕು, ಅಷ್ಟೇ. ಚೆನ್ನಾಗಿದೆಯೋ ಇಲ್ಲವೋ ಕೇಳುವಂತಿಲ್ಲ. ಬಗ್ಗಿಸುವವರು ಕುಡಿಯುವವರಲ್ಲದ ಇನ್ನೊಬ್ಬರಾಗಿರಬೇಕು, ಅದೂ ಪಕ್ಕದ ಕೋಣೆಯಲ್ಲಿ. ಲೋಟದ ತಳಕ್ಕೆ ಚೀಟಿ ಅಂಟಿಸಿರಬೇಕು. ಹೇಝಿ ಬಿಯರ್ ಆದರೆ ಕ್ಯಾನನ್ನು ಮೊದಲು ನಿಧಾನವಾಗಿ ಒಮ್ಮೆ ಮಗುಚಿ ತಳದ ಗಸಿ ಸಮವಾಗಿಸಿಕೊಳ್ಳಬೇಕು, ಇಲ್ಲವೆಂದರೆ ಕೊನೆಯಲ್ಲಿ ಬಗ್ಗಿಸಿದ ಲೋಟವೇ ಬೇರೆ ಬಿಯರ್ ಆಗಿಬಿಡುತ್ತದೆ. ಬಣ್ಣದಲ್ಲೇ ಗುಟ್ಟು ಬಿಟ್ಟುಕೊಡುವಂತಿದ್ದರೆ ಗಾಜಿನ ಬದಲು ಸ್ಟೀಲ್ ಲೋಟ. ನೊರೆ ಒಂದೇ ಎತ್ತರಕ್ಕೆ, ಲೋಟಕ್ಕೆ 60 ಮಿಲಿಲೀಟರ್ ಸಾಕು. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟರೆ ವಾಸನೆ ಬಿಚ್ಚಿಕೊಳ್ಳುತ್ತದೆ. ಮಧ್ಯೆ ಬಾಯಿಗೆ ನೀರು, ಖಾರ ಒಗ್ಗರಣೆ ಏನೂ ಇಲ್ಲದ ಮಂಡಕ್ಕಿ. ಕಾಂಗ್ರೆಸ್ ಕಡಲೆಬೀಜ ಆಮೇಲೆ.

ಲೆಕ್ಕ ನಿಷ್ಠುರ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಒಂಬತ್ತು ಸುತ್ತಿನಲ್ಲಿ ಆರಾದರೂ ಸರಿ ಬಂದರೆ ಮಾತ್ರ ಅದೃಷ್ಟವಲ್ಲ ಎಂದು ಒಂದಿಷ್ಟು ಧೈರ್ಯದಿಂದ ಹೇಳಬಹುದು. ಸಣ್ಣ ಸಂಖ್ಯೆಯ ಮಾದರಿಯಿಂದ ಎಷ್ಟನ್ನು ನಂಬಬಹುದೆಂಬ ಗಣಿತವೇ ಬ್ರೂಯರಿಯಲ್ಲಿ ಹುಟ್ಟಿದ್ದು. 1908ರಲ್ಲಿ ಡಬ್ಲಿನ್ನಿನ ಗಿನ್ನೆಸ್‌ನಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಅದನ್ನು ಬರೆದ.

ಈ ಪಂಥದ ಮೇಲೆ ಎರಡು ಆಕ್ಷೇಪಗಳಿವೆ, ಎರಡೂ ತೂಕದವು. ಹೆಸರಾದ ಪ್ರಯೋಗಗಳಲ್ಲಿ ಹಲವು ಒಂದನ್ನೊಂದು ಹೋಲುವ ಲಾಗರ್‌ಗಳ ಮೇಲೆ ನಡೆದವು. ಅವುಗಳ ತೀರ್ಪನ್ನು ಸಿಟ್ರಾ ತುಂಬಿದ ಐಪಿಎಗೆ ಹಾಗೇ ಎತ್ತಿ ಹಾಕಲಾಗದು. ಎರಡನೆಯದು, ಹಾಪ್ಸ್ ಕಹಿ ನಾಲಿಗೆಯಲ್ಲಿ ಜಮೆಯಾಗುತ್ತಾ ಹೋಗುತ್ತದೆ. ಮೂರನೆಯ ಲೋಟವನ್ನು ಅಳೆಯುವ ನಾಲಿಗೆ ಮೊದಲನೆಯದನ್ನು ಅಳೆದ ನಾಲಿಗೆಯಲ್ಲ. ಒಂಬತ್ತು ಸುತ್ತನ್ನು ಒಂದೇ ಸಂಜೆ ಮುಗಿಸಲು ಹೊರಟರೆ ಕೊನೆಗೆ ಪರೀಕ್ಷೆಗೆ ಒಳಗಾಗುವುದು ಬಿಯರ್ ಅಲ್ಲ, ಅಮಲು. ಸುತ್ತುಗಳನ್ನು ಬೇರೆ ಬೇರೆ ದಿನಗಳಿಗೆ ಹಂಚಿ, ಲೋಟಗಳ ಸಾಲನ್ನು ಪ್ರತಿ ಸಲ ಬದಲಿಸುವುದೊಂದೇ ದಾರಿ.

ತಾರೀಖು ನೋಡುವವರು

ಬ್ರೂಯರಿಯೊಳಗಿನವರು ಹೆಚ್ಚಾಗಿ ಈ ಗುಂಪು. ನೀವು ಹೋಲಿಸುತ್ತಿರುವುದು ಎರಡು ಬಿಯರ್‌ಗಳನ್ನಲ್ಲ, ಎರಡು ವಯಸ್ಸುಗಳನ್ನು ಎನ್ನುತ್ತಾರೆ. ಆಮ್ಲಜನಕ ತಾಗಿದ ಹೇಝಿ ಐಪಿಎ ಮೊದಲು ಘಮ ಕಳೆದುಕೊಳ್ಳುತ್ತದೆ, ಆಮೇಲೆ ಬಣ್ಣ ಕಂದುತ್ತದೆ. ಹಳೆಯ ಬಿಯರ್‌ನ ಒದ್ದೆ ರಟ್ಟಿನ ವಾಸನೆಗೆ ಟ್ರಾನ್ಸ್-2-ನೊನೆನಾಲ್ ಎಂಬ ಪದಾರ್ಥವನ್ನು ದೂರುತ್ತಾರೆ. ಬಿಸಿ ಇದೆಲ್ಲವನ್ನೂ ಬೇಗಬೇಗ ಮಾಡಿಸುತ್ತದೆ. 2012ರಲ್ಲಿ ಕ್ಯಾಲಿಫೋರ್ನಿಯಾದ ಸ್ಟೋನ್ ಬ್ರೂಯರಿ ಕುಡಿಯಬೇಕಾದ ಕೊನೆಯ ತಾರೀಖನ್ನೇ ಬಿಯರ್‌ನ ಹೆಸರಾಗಿಸಿತು. ಗಡುವು 35 ದಿನ. ಆರು ತಿಂಗಳ ವಾಯಿದೆ ಹೊತ್ತು ಏಪ್ರಿಲ್ ಬಿಸಿಲಲ್ಲಿ ಲಾರಿ ಏರಿ ಬಂದ ಐಪಿಎಯನ್ನು, ಮೈಕ್ರೋಬ್ರೂಯರಿಯ ಟ್ಯಾಂಕಿನಿಂದ ಬಂದದ್ದರ ಪಕ್ಕದಲ್ಲಿಟ್ಟು ತೂಗುವುದು ಎಷ್ಟು ನ್ಯಾಯ?

ಬೆಳಕಿನದು ಇನ್ನೂ ಚುರುಕು ಕೆಲಸ. ಬಿಯರ್‌ನಲ್ಲಿರುವ ರಿಬೋಫ್ಲೇವಿನ್ ಬೆಳಕು ಹೀರಿಕೊಂಡು ಹಾಪ್ಸ್ ಕಹಿಯ ಅಣುವನ್ನು ಮುರಿದಾಗ ಗಂಧಕ ಬೆರೆತ ಒಂದು ಥಯಾಲ್ ಹುಟ್ಟುತ್ತದೆ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸುಟ್ಟ ರಬ್ಬರಿನಂಥ ನಾತ ಬಡಿಯುತ್ತದೆ. ಕಂದು ಗಾಜು ಇದನ್ನು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯದು, ಕ್ಯಾನಿಗೆ ಈ ಭಯವೇ ಇಲ್ಲ. ಒಂದೇ ಬಿಯರನ್ನು ಎರಡು ಗಾಜಿನ ಲೋಟಕ್ಕೆ ಹಾಕಿ, ಒಂದನ್ನು ಕಾಲು ಗಂಟೆ ಬಾಲ್ಕನಿಯ ಬಿಸಿಲಲ್ಲಿ, ಇನ್ನೊಂದನ್ನು ಬೀರುವಿನೊಳಗೆ ಇಟ್ಟು ಮೂಸಿ ನೋಡಿ. ಈ ಪಂಥದ ವಾದ ಅಷ್ಟರಲ್ಲೇ ಮುಗಿಯುತ್ತದೆ.

ನಾನು ಹೆಚ್ಚು ಒಲಿಯುವುದು ಇವರ ಕಡೆಗೆ. ಮನೆಯ ಹೋಲಿಕೆಗಳಲ್ಲಿ ರೆಸಿಪಿಯ ವ್ಯತ್ಯಾಸ ಎಂದು ನಾವು ದಾಖಲಿಸುವುದರಲ್ಲಿ ದೊಡ್ಡ ಪಾಲು ವಯಸ್ಸಿನದು, ಮಿಕ್ಕದ್ದರಲ್ಲಿ ಮತ್ತೊಂದು ಪಾಲು ಯಾವುದನ್ನು ಮೊದಲು ಕುಡಿದೆವು ಎಂಬುದರದು. ತಯಾರಾದ ತಾರೀಖುಗಳು ಹತ್ತಿರವಿರದಿದ್ದರೆ ಅಂಕಪಟ್ಟಿ, ಪದಕೋಶ, ವಿಶೇಷ ಲೋಟ ಯಾವುದೂ ಕಾಪಾಡುವುದಿಲ್ಲ. ಲೋಟವೂ ಬಂದಿದೆ: 2013ರಲ್ಲಿ ಜರ್ಮನಿಯ ಸ್ಪೀಗೆಲೌ ಕಂಪನಿ ಸಿಯೆರಾ ನೆವಾಡಾ ಮತ್ತು ಡಾಗ್‌ಫಿಶ್ ಹೆಡ್ ಜೊತೆಗೂಡಿ ಐಪಿಎಗೆಂದೇ ಒಂದನ್ನು ತಂದಿತು. ಚೆಂದವಿದೆ. ಹೋಲಿಕೆಗೆ ಮುಖ್ಯವಾದದ್ದು ಎಲ್ಲ ಲೋಟಗಳೂ ಒಂದೇ ಥರ ಇರುವುದು.

ತಾರೀಖಿನವರೂ ಒಂದು ಕಡೆ ಅತಿ ಮಾಡುತ್ತಾರೆ. ಹೊಚ್ಚ ಹೊಸದೇ ಶ್ರೇಷ್ಠವೆಂದೇನಿಲ್ಲ. ಡ್ರೈ ಹಾಪಿಂಗ್ ಮುಗಿದ ಬೆನ್ನಿಗೇ ತುಂಬಿದ ಕೆಲವು ಬಿಯರ್‌ಗಳಲ್ಲಿ ಹಸಿ ಸೊಪ್ಪಿನ ಒಗರು ಗಂಟಲು ಕೆರೆಯುತ್ತದೆ, ಕೆಲವು ದಿನ ಕೂತ ಮೇಲೆ ಅದು ಇಳಿಯುತ್ತದೆ.

ತೀರದ ಪ್ರಶ್ನೆಗಳು

ನಾಲಿಗೆಯಿಂದ ನಾಲಿಗೆಗೆ ಇರುವ ವ್ಯತ್ಯಾಸ ಎಷ್ಟು ಎಂಬುದು ಮೊದಲನೆಯದು. ಕಹಿ ಹಿಡಿಯುವ ಗ್ರಾಹಕಗಳು ಮನುಷ್ಯನಲ್ಲಿ ಸುಮಾರು 25 ಬಗೆ. 'ಸೂಪರ್ ಟೇಸ್ಟರ್' ಯಾರೆಂದು ಕಂಡುಹಿಡಿಯಲು ಬಳಸುವ ಕಾಗದದ ಪಟ್ಟಿ ಮುಟ್ಟುವುದು ಟಿಎಎಸ್2ಆರ್38 ಎಂಬ ಒಂದನ್ನು. ಹಾಪ್ಸ್ ಕಹಿಗೆ ಸ್ಪಂದಿಸುವವು ಬೇರೆ ಮೂರು ಎಂದು 2009ರ ಜರ್ಮನ್ ಸಂಶೋಧನೆ ತೋರಿಸಿತು. ಹಾಗಾದರೆ ಕಾಗದದ ಪರೀಕ್ಷೆಯಲ್ಲಿ ಮುಖ ಸಿಂಡರಿಸಿದವನಿಗೆ ಐಪಿಎಯೂ ಅತಿ ಕಹಿ ಎಂದು ಹೇಗೆ ಹೇಳುವುದು? ಅಭ್ಯಾಸದ ಪಾಲೆಷ್ಟು, ಹುಟ್ಟಿನ ಪಾಲೆಷ್ಟು ಎಂಬುದು ಬಗೆಹರಿದಿಲ್ಲ.

ಯೀಸ್ಟ್ ಬಗ್ಗೆಯೂ ಜಗಳವಿದೆ. ಹುದುಗು ಬರುವಾಗಲೇ ಹಾಪ್ಸ್ ಹಾಕಿದರೆ ಯೀಸ್ಟ್ ಗುಲಾಬಿ ವಾಸನೆಯ ಜೆರಾನಿಯಾಲನ್ನು ನಿಂಬೆಯತ್ತ ವಾಲುವ ಸಿಟ್ರೊನೆಲಾಲ್ ಆಗಿ ಬದಲಿಸುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಖಚಿತ. ಹೇಝಿ ಐಪಿಎಯ ಹಣ್ಣಿನ ಘಮದಲ್ಲಿ ಇದರ ಪಾಲು ದೊಡ್ಡದೇ, ಅಥವಾ ಅತಿಯಾಗಿ ಸುರಿದ ಹಾಪ್ಸ್‌ನದೇ? ಬ್ರೂಯರ್‌ಗಳಲ್ಲೇ ಒಮ್ಮತವಿಲ್ಲ. ಆ ಮಸುಕು ಘಮವನ್ನು ಹಿಡಿದಿಡುತ್ತದೆಯೇ, ಬರೀ ಕಣ್ಣಿಗೆ ರಸಭರಿತವಾಗಿ ಕಾಣಿಸುತ್ತದೆಯೇ ಎಂಬುದೂ ಹಾಗೆಯೇ ಉಳಿದಿದೆ. ಸ್ಟೀಲ್ ಲೋಟದಲ್ಲಿ ಕೊಟ್ಟ ಹೇಝಿಗೆ ಗಾಜಿನಲ್ಲಿ ಕೊಟ್ಟಷ್ಟೇ ಅಂಕ ಬೀಳುತ್ತದೆಯೇ ಎಂಬುದು ಮನೆಯಲ್ಲೇ ನೋಡಬಹುದಾದ ಪ್ರಶ್ನೆ.

ಪದಗಳನ್ನು ಕಲಿತರೆ ಮೂಗು ಚುರುಕಾಗುತ್ತದೆಯೇ? ಫ್ರಾನ್ಸಿನಲ್ಲಿ ಬಿಯರ್ ಮೇಲೆ ನಡೆದ ಅಧ್ಯಯನಗಳಲ್ಲಿ ತರಬೇತಿ ಪಡೆದವರು ತಾವು ಅಭ್ಯಾಸ ಮಾಡಿದ ಬಿಯರ್‌ಗಳಲ್ಲಿ ಮುಂದಿದ್ದರು. ಹೊಸ ಬಿಯರ್ ಮುಂದಿಟ್ಟಾಗ ಆ ಮುನ್ನಡೆ ಅಷ್ಟಾಗಿ ಉಳಿಯಲಿಲ್ಲ. ಹಾಗಿದ್ದರೆ ತೀರ್ಪುಗಾರನ ಪರಿಣತಿ ಹೊಸ ಶೈಲಿಯ ಮುಂದೆ ಎಷ್ಟು ಬಾಳುತ್ತದೆ?

ಇವೆಲ್ಲದರ ಕೆಳಗೆ ಲೇಬಲ್ ಮುಚ್ಚುವವರಿಗೂ ತೆರೆಯುವವರಿಗೂ ನಡುವಿನ ಮೂಲ ತಕರಾರು ಇದೆ. ಹೆಸರು, ಊರು, ಬೆಲೆ ತಿಳಿದು ಕುಡಿದಾಗ ಬರುವ ರುಚಿ ಕೂಡ ಬಾಯಲ್ಲೇ ಬರುವ ರುಚಿ ಎಂದು ವಿನೆಗರ್ ಪ್ರಯೋಗವೇ ತೋರಿಸಿದೆ. ಅದನ್ನು ಕಲಬೆರಕೆ ಎಂದು ಬದಿಗಿಡಬೇಕೋ, ಬಿಯರ್‌ನ ಭಾಗವೆಂದೇ ಲೆಕ್ಕಕ್ಕೆ ಹಿಡಿಯಬೇಕೋ ಎಂಬುದಕ್ಕೆ ತ್ರಿಕೋನ ಪರೀಕ್ಷೆಯಲ್ಲಿ ಉತ್ತರವಿಲ್ಲ.